ಹಳಿಯಿಲ್ಲದ ಕುದುರೆಮುಖ, ಹಲಗೆಯ ಮೇಲಿನ ರೈಲು

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮಾರ್ಗವಾಗಿ ಕಳಸವನ್ನು ಸೇರಿ, ಸಂಸೆಯನ್ನು ದಾಟಿ ಕುದುರೆಮುಖದತ್ತ ಸಾಗುವ ಯಾತ್ರಿಕನಿಗೆ ಎಲ್ಲಿಯೂ ರೈಲಿನ ಕೂಗು ಕೇಳಿಸದು. ಕಾಫಿ ತೋಟಗಳು, ಸಿಲ್ವರ್ ಓಕ್ ಮರಗಳ ಸಾಲು, ಭದ್ರೆಯ ತಿರುವುಗಳು, ಮೇಲೆ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಇಂತಹ ನಾಡಿನಲ್ಲಿ ರೈಲಿನ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಕಳಸದ ಸಮೀಪ ಭಕ್ತರೊಬ್ಬರ ಮನೆಯಲ್ಲಿ ನಾವು ತಂಗಿದ್ದಾಗ ಅಟ್ಟದ ಮೇಲೆ ಕಂಡ ಒಂದು ಹಲಗೆಯೇ ಇದಕ್ಕೆ ಕಾರಣ.

ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ ಅದು. ಅದರ ಮೇಲೆ ಕುದುರೆಮುಖದ ಬೆಟ್ಟವನ್ನೂ ಊರನ್ನೂ ಕಟ್ಟಿ, ಊರ ಬೀದಿಯ ನಡುವೆಯೇ ಪುಟ್ಟ ರೈಲನ್ನು ಓಡಿಸಬೇಕೆಂಬುದು ಆ ಮನೆಯ ಮೊಮ್ಮಗನ ಹಂಬಲ. “ಇಲ್ಲದ ರೈಲನ್ನು ಇದೆಯೆಂದು ತೋರಿಸುವುದು ಸುಳ್ಳಲ್ಲವೆ, ಶಾಸ್ತ್ರಿಗಳೆ? ನೀವೇ ಹೇಳಿ” ಎಂದರು ಮನೆಯ ಹಿರಿಯರು. “ಆಟಕ್ಕೆ ಎಂಥ ಸುಳ್ಳು, ಅಜ್ಜಾ?” ಎಂದ ಹುಡುಗ. ನ್ಯಾಯ ಹೇಳುವ ಮುನ್ನ ವಿಷಯವನ್ನು ತಿಳಿಯಬೇಕಲ್ಲವೆ? ಎರಡು ದಿನ ಆ ಹಲಗೆಯ ಬಳಿಯೇ ಕುಳಿತೆವು.

ಮಾದರಿ ರೈಲಿನವರಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 87ಕ್ಕೆ 1. ಈ ಲೆಕ್ಕದಲ್ಲಿ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರವಿರುವ ಕುದುರೆಮುಖ ಶಿಖರವನ್ನು ಕಟ್ಟಹೊರಟರೆ ಸುಮಾರು 22 ಮೀಟರ್, ಎಂದರೆ ಏಳು ಅಂತಸ್ತಿನ ಮನೆಯಷ್ಟು ಎತ್ತರ ಬೇಕು! ಆದಕಾರಣ ಬೆಟ್ಟವನ್ನು ಕುಗ್ಗಿಸಲೇಬೇಕು. ಆದರೆ ಹಳಿಯ ಏರನ್ನು ಮನಬಂದಂತೆ ಹೆಚ್ಚಿಸಲಾಗದು. ನಮಗೆ ಸಮೀಪದ ಘಟ್ಟದ ರೈಲೆಂದರೆ 1979ರಲ್ಲಿ ಆರಂಭವಾದ ಹಾಸನ–ಮಂಗಳೂರು ಮಾರ್ಗದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಕಡಿದಾದ ಏರು 50 ಅಡಿಗೆ 1 ಅಡಿ. ಹಲಗೆಯ ಮೇಲೆ ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕಾದರೆ ಮೂರು ಅಂಗುಲವಾದರೂ ಏರಬೇಕು. ಅದೇ ಏರಿನಲ್ಲಿ ಇದಕ್ಕೆ ಹನ್ನೆರಡೂವರೆ ಅಡಿ ಹಳಿ ಬೇಕು. ಹಲಗೆಯೋ ಎಂಟೇ ಅಡಿ. ಹಾಗಾಗಿ ಹಳಿಯು ಬಳಸಿ ಬಳಸಿ ಏರುತ್ತದೆ. ಘಟ್ಟದ ಎಂಜಿನಿಯರುಗಳೂ ಇದನ್ನೇ ಮಾಡಿದರು. ಹಲಗೆಯಲ್ಲಿ ಹಳಿಯನ್ನು ಮೊದಲು ಹಾಕಿ ಬೆಟ್ಟವನ್ನು ಆಮೇಲೆ ಪೇರಿಸುವುದುಂಟು. ಆದರೆ ಹಳಿಯು ಬೆಟ್ಟಕ್ಕೆ ಶರಣಾದಂತೆ ಕಾಣದಿದ್ದರೆ ಆ ಮಾದರಿ ಬರಿಯ ಆಟಿಕೆ ಎಂಬುದು ನಮ್ಮ ಅಭಿಪ್ರಾಯ.

ಬೆಟ್ಟಕ್ಕೆ ಥರ್ಮಾಕೋಲಿನ ಪದರಗಳು, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಬಟ್ಟೆ. ಮಣ್ಣಿಗೆ, ಸೋಸಿ ಉಳಿದ ಕಾಫಿಯ ಚರಟವನ್ನು ಚೆನ್ನಾಗಿ ಒಣಗಿಸಿ ಅಂಟಿನ ಮೇಲೆ ಉದುರಿಸುತ್ತಾರೆ. ಕಾಫಿಯ ನಾಡಿನಲ್ಲಿ ಅದಕ್ಕೇನು ಬರ! ಕಾಡನ್ನು ಮಾತ್ರ ಶಿಖರದ ಮೇಲೆ ಹಚ್ಚಬಾರದು. ಇಲ್ಲಿ ನೆತ್ತಿ ಹುಲ್ಲಿನದು, ಮರಗಳು ನೀರಿಳಿಯುವ ಮಡಿಲಿನವು.

ಇನ್ನು ಬೀದಿಯ ಹಳಿ. ಸಾಮಾನ್ಯ ಹಳಿ ಜಲ್ಲಿಯ ಮೇಲೆ ಎದ್ದು ನಿಂತರೆ, ಬೀದಿಯ ಹಳಿ ರಸ್ತೆಯಲ್ಲಿ ಹುದುಗಿರುತ್ತದೆ. ಚಕ್ರದ ಒಳಅಂಚು ಓಡಾಡಲು ಹಳಿಯ ಒಳಮಗ್ಗುಲಲ್ಲಿ ಗಾಡಿ ಬಿಡಬೇಕು. ಪ್ಲಾಸ್ಟರನ್ನು ಹಳಿಯ ತಲೆಗಿಂತ ಕೂದಲೆಳೆಯಷ್ಟು ತಗ್ಗಿಸಿ ತುಂಬಬೇಕು. ಮೇಲಾದರೆ ಚಕ್ರವು ಹಳಿಯನ್ನು ಮುಟ್ಟದೆ ವಿದ್ಯುತ್ತು ತಪ್ಪುತ್ತದೆ, ರೈಲು ನಿಲ್ಲುತ್ತದೆ. ರಸ್ತೆಯೂ ರೈಲೂ ಒಂದೇ ನೆಲವನ್ನು ಹಂಚಿಕೊಂಡ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ: 1735ರಲ್ಲಿ ದಳವಾಯಿ ದೇವರಾಜರ ಕಾಲದಲ್ಲಿ ಕಟ್ಟಿದ ನಂಜನಗೂಡಿನ ಕಪಿಲಾ ಸೇತುವೆ. ಶತಮಾನಕ್ಕೂ ಮಿಕ್ಕಿ ಅದರ ಮೇಲೆ ಗಾಡಿಗಳೂ ಮೀಟರ್ ಗೇಜ್ ರೈಲೂ ಸಾಗಿದವು.

ಕುದುರೆಮುಖದಲ್ಲಿ ಮಾತ್ರ ಅದಿರನ್ನು ಹೊತ್ತದ್ದು ರೈಲಲ್ಲ, ನೀರು. 1976ರಲ್ಲಿ ಸ್ಥಾಪಿತವಾದ ಕಂಪನಿಯು ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸಿತು. ಬೆಟ್ಟದ ಇಳಿಜಾರಿಗೆ ಹೊಂದಿದ ಉಪಾಯವೇ ಅದು. ಆದುದರಿಂದ ಬೀದಿಯ ರೈಲಿಗೆ ನಂಜನಗೂಡಿನ ಸೇತುವೆಯನ್ನು ಬೇರೊಂದು ಹಲಗೆಯಲ್ಲಿ ಕಟ್ಟು, ಕುದುರೆಮುಖದ ಹಲಗೆಯಲ್ಲಿ ಕೊಳವೆಯನ್ನು ತೋರಿಸು ಎಂದು ಹುಡುಗನಿಗೆ ಹೇಳಿದೆವು. ಅವನ ಮುಖ ಬಾಡಿತಾದರೂ, ಕೊಳವೆಯ ದಾರಿಯನ್ನು ಭೂಪಟದಲ್ಲಿ ಹುಡುಕತೊಡಗಿದ.

ಉಳಿದದ್ದು ಕಷ್ಟದ ಪ್ರಶ್ನೆ: ಯಾವ ವರ್ಷದ ಕುದುರೆಮುಖ? ಗಣಿಗೆ ಮುಂಚಿನದೆ, ಸಾವಿರಾರು ಸಂಸಾರಗಳಿಗೆ ಅನ್ನವಿತ್ತ ಊರಿನದೆ, ಇಂದಿನದೆ? ಸುತ್ತಲ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು, 2002ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಗಣಿಗಾರಿಕೆ 2005ರ ಕೊನೆಗೆ ನಿಂತಿತು, ಊರು ಬರಿದಾಯಿತು. ಭದ್ರೆಯ ನೀರನ್ನು ನೆಚ್ಚಿದ ಬಯಲಿನ ರೈತನಿಗೆ ಅದು ನೆಮ್ಮದಿ. ಅಲ್ಲಿ ಹುಟ್ಟಿ ಶಾಲೆ ಕಲಿತವನಿಗೆ ತವರು ಹೋದ ನೋವು. ಎರಡೂ ದಿಟ. ನಾವು ಸೂಚಿಸಿದ್ದು 2005ರ ಕೊನೆಯ ತಿಂಗಳನ್ನು: ಮನೆಗಳಲ್ಲಿ ಇನ್ನೂ ದೀಪವಿರಲಿ, ಕಡಿದ ಬೆಟ್ಟದ ಮೆಟ್ಟಿಲುಗಳೂ ಮುಚ್ಚದೆ ಕಾಣಲಿ. ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಹೂಳಿಗೆ ಪ್ಲಾಸ್ಟರನ್ನು ಮಟ್ಟಸವಾಗಿ ಎರೆಯಬೇಕು. ಅದರ ಮೇಲೆ ಮಾತ್ರ ಕಾಫಿಯ ಚರಟ ಬೇಡ, ನುಣುಪಾದ ಬೂದು ಬಣ್ಣ ಸಾಕು.