ನೀರಿನ ಎಂಜಲು

ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಹಿಮವೆಲ್ಲ ಕರಗಿ ಹುಲ್ಲು ಇನ್ನೂ ಹಸಿರಾಗದೆ ಇರುವ ದಿನಗಳಲ್ಲಿ, ನನಗೊಂದು ಕಾಗದ ಬರುತ್ತದೆ. ಷಿಕಾಗೋ ಸುತ್ತಲಿನ ಉಪನಗರಗಳಲ್ಲಿ ಬಹಳಷ್ಟು ತಮ್ಮನ್ನು ‘ವಿಲೇಜ್’ ಎಂದೇ ಕರೆದುಕೊಳ್ಳುತ್ತವೆ. ನಮ್ಮ ವಿಲೇಜಿನ ನೀರಿನ ಇಲಾಖೆ ಕಳಿಸುವ ಈ ಕಾಗದದ ಒಕ್ಕಣೆ ಎಂದೂ ಬದಲಾಗಿಲ್ಲ: ನಿಮ್ಮ ಕಟ್ಟಡದ ಬ್ಯಾಕ್‌ಫ್ಲೋ ಪ್ರಿವೆಂಟರನ್ನು ಪರವಾನಗಿ ಇರುವವರಿಂದ ಪರೀಕ್ಷೆ ಮಾಡಿಸಿ, ಇಂಥ ತಾರೀಖಿನೊಳಗೆ ವರದಿ ತಲುಪಿಸಿ, ಇಲ್ಲವಾದರೆ ನೀರು ನಿಲ್ಲಿಸಲಾಗುವುದು.

ಕಟ್ಟಡ ಎಂದರೆ ಭಾರಿ ಏನಲ್ಲ. ಕೆಳಗೊಂದು ಮೆಕ್ಸಿಕನ್ ಊಟದ ಹೋಟೆಲು, ಮೇಲೆ ಮೂರು ಮನೆ, ಬೇಸ್‌ಮೆಂಟಿನಲ್ಲಿ ಎಲ್ಲರನ್ನೂ ಬೆಚ್ಚಗಿಡುವ ಹಳೆಯ ಬಾಯ್ಲರು. 2016ರಲ್ಲಿ ಸಾಲ ಮಾಡಿ ಕೊಂಡೆ. ಮಾಲೀಕನಾದ ಮೊದಲ ವರ್ಷ ಈ ಕಾಗದವನ್ನು ಯಾರದೋ ಜಾಹೀರಾತು ಅಂದುಕೊಂಡು ಕಸದ ಬುಟ್ಟಿಗೆ ಹಾಕಿದ್ದೆ. ಎರಡನೆಯದು ಕೆಂಪು ಅಕ್ಷರದಲ್ಲಿ ಬಂತು. ಆಗ ಹುಡುಕಿ ಕರೆಸಿದವರು ಎಪ್ಪತ್ತರ ಹತ್ತಿರದ ಒಬ್ಬ ಪ್ಲಂಬರ್. ಮಾತು ಕಡಿಮೆ, ಮೊಣಕಾಲಿಗೆ ಸದಾ ಚರ್ಮದ ಪಟ್ಟಿ. ಇಪ್ಪತ್ತು ನಿಮಿಷ ಕೆಲಸ ಮಾಡಿ, ಹಿತ್ತಾಳೆಯ ಸಾಧನಕ್ಕೆ ತಾರೀಖು ಬರೆದ ಚೀಟಿ ಕಟ್ಟಿ, ಬಿಲ್ಲು ಕೊಟ್ಟು ಹೋದರು. ಮರುವರ್ಷವೂ ಅಷ್ಟೇ. ಪ್ರತಿ ಸಲ ಪಾಸಾಗುವ ಪರೀಕ್ಷೆಗೆ ದುಡ್ಡು ಕೊಡುವುದು ದಂಡ ಅನ್ನಿಸುತ್ತಿತ್ತು.

ನೀರು ಹಿಂದಕ್ಕೆ ಹರಿಯುತ್ತದೆ ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಬ್ಯಾರೆಲ್ಲಿನ ಸೀಮೆಎಣ್ಣೆಯನ್ನು ಪೈಪಿನಿಂದ ಬಾಯಲ್ಲಿ ಒಮ್ಮೆ ಎಳೆದು ಕ್ಯಾನಿಗೆ ಇಳಿಸುವುದನ್ನು ನೋಡಿ ಬೆಳೆದವರು ನಾವು. ಬೀದಿಯ ದೊಡ್ಡ ಕೊಳವೆಯಲ್ಲಿ ಒತ್ತಡ ಇರುವವರೆಗೆ ನೀರು ಕಟ್ಟಡದ ಕಡೆಗೇ ಬರುತ್ತದೆ. ಎಲ್ಲೋ ಕೊಳವೆ ಒಡೆದರೆ, ಬೆಂಕಿ ಆರಿಸುವವರು ಒಮ್ಮೆಲೇ ನೀರೆಳೆದರೆ, ಒತ್ತಡ ಕುಸಿಯುತ್ತದೆ. ಆಗ ಕಟ್ಟಡದೊಳಗಿನದು ಬೀದಿಗೆ ಎಳೆದುಕೊಳ್ಳುತ್ತದೆ: ಬಾಯ್ಲರಿನ ತುಕ್ಕುನಿರೋಧಕ ಬೆರೆಸಿದ ನೀರು, ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಮುಳುಗಿಸಿಟ್ಟ ಪೈಪಿನ ತುದಿಯ ಮುಸುರೆ, ಏನು ಬೇಕಾದರೂ. ಬೆಂಗಳೂರಿನಲ್ಲಿ ದಿನ ಬಿಟ್ಟು ದಿನ ನೀರು ಬರುವ ಬಡಾವಣೆಯವರು ಮೊದಲ ಐದು ನಿಮಿಷದ ನೀರನ್ನು ಚೆಲ್ಲುತ್ತಾರಲ್ಲ, ಅದರ ಹಿಂದೆಯೂ ಇದೇ ಕಥೆ. ಖಾಲಿ ಕೊಳವೆ ತನ್ನ ಸುತ್ತಲಿನದನ್ನು ಬಿರುಕುಗಳ ಮೂಲಕ ಒಳಗೆ ಬಿಟ್ಟುಕೊಂಡಿರುತ್ತದೆ.

ಷಿಕಾಗೋ ಇದನ್ನು ಕಲಿತದ್ದು ಹೆಣಗಳ ಲೆಕ್ಕದಲ್ಲಿ. 1933ರಲ್ಲಿ ಇಲ್ಲಿ ವಿಶ್ವಮೇಳ ನಡೆಯುತ್ತಿದ್ದಾಗ ಅಮೀಬಾ ಆಮಶಂಕೆ ಹಬ್ಬಿತು. ಮೂಲ ಹುಡುಕುತ್ತ ಹೋದವರು ಎರಡು ಹೋಟೆಲುಗಳಿಗೆ ತಲುಪಿದರು. ಅಲ್ಲಿನ ಹಳೆಯ ಕೊಳವೆಗಳಲ್ಲಿ ಕೊಳಚೆಗೂ ಕುಡಿಯುವ ನೀರಿಗೂ ಸಂಪರ್ಕವಾಗಿತ್ತು. 1,400ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 98 ಜನ ಸತ್ತರು. ಮೇಳ ನೋಡಿಕೊಂಡು ತಮ್ಮ ತಮ್ಮ ಊರಿಗೆ ಮರಳಿದ ಮೇಲೆ ಹಾಸಿಗೆ ಹಿಡಿದವರೇ ಅನೇಕರು. 1969ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ತಂಡವೇ ಕಾಮಾಲೆಗೆ ತುತ್ತಾಗಿ, ಎರಡೇ ಪಂದ್ಯಕ್ಕೆ ಆ ವರ್ಷದ ಆಟ ಮುಗಿಯಿತು. ಮೈದಾನದ ಹುಲ್ಲಿಗೆ ನೀರು ಬಿಡುವ ಗುಂಡಿಯಲ್ಲಿ ಸೋಂಕಿದ್ದ ಮಕ್ಕಳು ಆಡಿದ್ದರು. ಊರಿನಲ್ಲಿ ಬೆಂಕಿ ಬಿದ್ದು ನೀರಿನ ಒತ್ತಡ ಕುಸಿದಾಗ, ಆ ಗುಂಡಿಯ ನೀರು ಆಟಗಾರರು ಕುಡಿಯುವ ನಲ್ಲಿಯ ಕೊಳವೆಗೆ ಸೇರಿತ್ತು. ಇದೆಲ್ಲ ನಾನು ಓದಿದ್ದು ಆಮೇಲೆ, 2019ರ ಮೇ ತಿಂಗಳ ಆ ಶುಕ್ರವಾರದ ನಂತರ.

ಅದಕ್ಕೆ ಹದಿನೈದು ದಿನ ಮೊದಲಿನಿಂದಲೂ ಸಾಧನ ತೊಟ್ಟಿಕ್ಕುತ್ತಿತ್ತು. ಅದರೊಳಗೆ ಒಂದರ ಹಿಂದೊಂದು ಎರಡು ವಾಲ್ವುಗಳಿವೆ, ನೀರನ್ನು ಒಂದೇ ದಿಕ್ಕಿಗೆ ಬಿಡುವಂಥವು. ಎರಡರ ನಡುವಿನ ಕೋಣೆಯ ಹೊಟ್ಟೆಯಲ್ಲಿ ಕೆಳಕ್ಕೆ ಬಾಯ್ದೆರೆದ ಮೂರನೆಯದೊಂದು. ಬೇಸ್‌ಮೆಂಟಿನ ನೆಲ ಒದ್ದೆಯಾಗಿದೆಯೆಂದು ಮೇಲಿನ ಮನೆಯವರು ದೂರಿದರು. ನಾನು ಬಕೆಟ್ಟು ಇಟ್ಟೆ. ನೀರು ಸಿಡಿಯುತ್ತಿತ್ತು. ಆ ಕೆಳಬಾಯಿಗೆ ತೋಟದ ಪೈಪಿನ ತುಂಡೊಂದನ್ನು ಬಿಗಿಯಾಗಿ ತುರುಕಿ, ಇನ್ನೊಂದು ತುದಿಯನ್ನು ಬಕೆಟ್ಟಿನ ತಳಕ್ಕೆ ಇಳಿಬಿಟ್ಟೆ. ನಾನೊಬ್ಬ ಇಂಜಿನಿಯರು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಸಾಫ್ಟ್‌ವೇರಿನವನು, ಆದರೂ. ನೆಲ ಒಣಗಿತು, ನನಗೆ ಬಹಳ ಸಮಾಧಾನವಾಯಿತು.

ಮುದುಕರು ಬಂದವರು ತಮ್ಮ ಪೆಟ್ಟಿಗೆ ತೆರೆಯುವ ಮೊದಲೇ ಬಗ್ಗಿ ಆ ಪೈಪನ್ನು ಕಿತ್ತರು. ಏನೂ ಅನ್ನಲಿಲ್ಲ. ಆಮೇಲೆ ಎಂದಿನಂತೆ ಕಟ್ಟಡದ ಕಡೆಯ ವಾಲ್ವು ಮುಚ್ಚಿ, ಸಾಧನದ ಪುಟ್ಟ ನಲ್ಲಿಗಳಿಗೆ ಮೀಟರಿನ ಕೊಳವೆಗಳನ್ನು ಸಿಕ್ಕಿಸಿ, ಮುಳ್ಳನ್ನು ನೋಡುತ್ತ ಕೂತರು. ಮೊದಲ ವಾಲ್ವಿನ ಆಚೆಗೂ ಈಚೆಗೂ ಒತ್ತಡದಲ್ಲಿ ಇಷ್ಟು ವ್ಯತ್ಯಾಸ ಇರಲೇಬೇಕೆಂಬ ಲೆಕ್ಕವಿದೆ. ಅದು 2 ಪಿಎಸ್‌ಐಗೆ ಇಳಿಯುವಷ್ಟರೊಳಗೆ ಕೆಳಬಾಯಿ ತೆರೆದುಕೊಂಡು ನೀರನ್ನು ಹೊರಗೆ ಚೆಲ್ಲಬೇಕು. ಮುಳ್ಳು ನಿಲ್ಲಲಿಲ್ಲ, ಇಳಿಯುತ್ತಲೇ ಹೋಯಿತು.

“ಫೇಲ್” ಎಂದರು.

ಬಿಚ್ಚಿ ಸರಿಮಾಡಲು ಎರಡು ಗಂಟೆ, ಅಷ್ಟು ಹೊತ್ತೂ ನೀರಿಲ್ಲ. ಆಗ ಸಂಜೆ ನಾಲ್ಕೂವರೆ. ಕೆಳಗಿನ ಹೋಟೆಲಿಗೆ ವಾರದ ವ್ಯಾಪಾರವೆಲ್ಲ ಶುಕ್ರವಾರ ರಾತ್ರಿಯದೇ. ನಾನು ಹೇಳಿದೆ: “ಇವತ್ತು ಪಾಸ್ ಅಂತ ಬರೆದುಬಿಡಿ, ಸೋಮವಾರ ಬಂದು ರಿಪೇರಿ ಮಾಡಿ, ಅದರ ದುಡ್ಡು ಈಗಲೇ ಕೊಡುತ್ತೇನೆ.” ಇಂಗ್ಲಿಷಿನಲ್ಲೇ ಹೇಳಿದ್ದು, ಆದರೆ ಅದರ ದನಿ ನಮ್ಮ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ಎಂಬುದರದೇ.

ಅವರು ಸಿಟ್ಟಾಗಲಿಲ್ಲ. ಬಕೆಟ್ಟಿನತ್ತ ಕೈ ತೋರಿಸಿ ಕೇಳಿದರು: “ಇದು ತೊಟ್ಟಿಕ್ಕುವುದು ಕೆಟ್ಟಿದ್ದಕ್ಕೆ ಅಂದುಕೊಂಡಿರಾ?” ಹೌದು ಎಂದೆ. “ಕೆಟ್ಟದ್ದು ಮೇಲಿನ ವಾಲ್ವು. ಇದು ಕೆಲಸ ಮಾಡುತ್ತಿದೆ. ಅನುಮಾನ ಬಂದ ನೀರನ್ನು ನಿಮ್ಮ ನೆಲಕ್ಕೆ ಚೆಲ್ಲುತ್ತಿದೆ, ಊರಿಗೆ ಹೋಗಲು ಬಿಡದೆ. ನೀವು ಅದನ್ನು ಬಕೆಟ್ಟಿನಲ್ಲಿ ಮುಳುಗಿಸಿದ್ದಿರಿ.” ಈ ಬಾಯಿಗೂ ಕೆಳಗಿನ ನೀರಿಗೂ ನಡುವೆ ಬರಿಯ ಗಾಳಿ ಇರಬೇಕು, ಕೊಳವೆಯ ಅಗಲದ ಎರಡರಷ್ಟು, ಒಂದು ಇಂಚಿಗೆ ಕಡಿಮೆಯಿಲ್ಲದಂತೆ ಎಂದು ವಿವರಿಸಿದರು. ಎಷ್ಟು ಹಿತ್ತಾಳೆ, ಎಷ್ಟು ಸ್ಪ್ರಿಂಗು ಹಾಕಿದರೂ ಆ ಗಾಳಿಯಷ್ಟು ನಂಬಿಕೆಯ ತಡೆ ಇನ್ನೊಂದಿಲ್ಲವಂತೆ.

ತೀರ್ಥಹಳ್ಳಿ ಕಡೆಯ ನಮ್ಮಜ್ಜಿ ಲೋಟಕ್ಕೆ ತುಟಿ ತಾಗಿಸಿ ನೀರು ಕುಡಿದರೆ ಬೈಯುತ್ತಿದ್ದಳು. ಎತ್ತಿ ಕುಡಿ, ಎಂಜಲು ಮಾಡಬೇಡ. ಹಂಡೆಯ ನೀರಿಗೆ ಬೆರಳು ತಾಗಿದರೆ ಹಂಡೆಯನ್ನೇ ಬರಿದು ಮಾಡಿಸುತ್ತಿದ್ದಳು. ಇದೇ ವಿಜ್ಞಾನ ಅಜ್ಜಿಗೆ ಮೊದಲೇ ಗೊತ್ತಿತ್ತು ಎಂದು ಬರೆದುಬಿಟ್ಟರೆ ಚೆನ್ನಾಗಿರುತ್ತದೆ, ವಾಟ್ಸಾಪಿನಲ್ಲಿ ಓಡಾಡಿಯೂ ಓಡಾಡೀತು. ಆದರೆ ನನಗೆ ಆ ಹೊತ್ತಿಗೆ ನೆನಪಾದದ್ದು ಇನ್ನೊಂದು. ಅಡಿಕೆ ಕೊಯ್ಲಿಗೆ ಬಂದ ಆಳು ಅಂಗಳದಾಚೆ ಬಗ್ಗಿ ನಿಂತು ಬೊಗಸೆ ಒಡ್ಡುತ್ತಿದ್ದ. ಅಜ್ಜಿ ಜಗಲಿಯ ಮೇಲಿನಿಂದ ಚೊಂಬನ್ನು ಎತ್ತರಕ್ಕೆ ಹಿಡಿದು ಹೊಯ್ಯುತ್ತಿದ್ದಳು. ಅರ್ಧ ನೀರು ಅವನ ಮೊಣಕೈಯಿಂದ ಇಳಿದು ಮಣ್ಣಿಗೆ ಹೋಗುತ್ತಿತ್ತು. ಅಲ್ಲೂ ನಡುವೆ ಗಾಳಿಯಿತ್ತು, ಒಂದು ಇಂಚಲ್ಲ, ಒಂದು ಮೊಳ. ನಾನು ಏಳೆಂಟು ವರ್ಷದವನು. ಒಂದು ದಿನ ನಾನೇ ಹೊಯ್ಯುತ್ತೇನೆಂದು ಹಟ ಮಾಡಿ ಚೊಂಬು ಹಿಡಿದಾಗ, ಕೈ ಇನ್ನೂ ಮೇಲೆತ್ತು ಎಂದು ಹಿಂದಿನಿಂದ ಹೇಳಿಕೊಟ್ಟಿದ್ದಳು.

ಆ ಅಂತರದಲ್ಲಿ ಹೊಯ್ಯುವವರ ಕೈ ಶುದ್ಧ ಎಂಬುದು ಮೊದಲೇ ತೀರ್ಮಾನವಾಗಿತ್ತು, ಯಾರೂ ಮೀಟರು ಹಿಡಿದು ನೋಡಿರಲಿಲ್ಲ. ಬೇಸ್‌ಮೆಂಟಿನ ಈ ಹಿತ್ತಾಳೆಯದು ತಿರುಗುಮುರುಗು. ಇದನ್ನು ಊರಿನಿಂದ ನನ್ನ ಕಟ್ಟಡವನ್ನು ಕಾಯಲು ಇಟ್ಟಿಲ್ಲ. ನನ್ನಿಂದ ಊರನ್ನು ಕಾಯಲು ನನ್ನ ಖರ್ಚಿನಲ್ಲೇ ಇಡಿಸಿದ್ದಾರೆ. ಕೊಳಕು ನನ್ನ ಕಡೆಯಿಂದಲೇ ಬರುತ್ತದೆ ಎಂದು ಇಟ್ಟುಕೊಂಡು, ಇಲ್ಲ ಎಂದು ವರ್ಷವರ್ಷ ನಾನೇ ತೋರಿಸಬೇಕು. ಯಾವ ಜಾತಿ, ಯಾವ ದೇಶ ಎಂದು ಆ ಕಾಗದ ಕೇಳುವುದಿಲ್ಲ, ಸಾಧನದ ಸೀರಿಯಲ್ ನಂಬರು ಕೇಳುತ್ತದೆ.

ಕೆಳಗೆ ಹೋಗಿ ಹೋಟೆಲಿನ ಒಡತಿಗೆ ಆರೂವರೆವರೆಗೆ ನೀರಿಲ್ಲ ಎಂದೆ. ಆಕೆ ಸ್ಪ್ಯಾನಿಷಿನಲ್ಲಿ ಏನೋ ಅಂದಳು, ಅರ್ಥವಾಗದಿದ್ದರೂ ಅರ್ಥವಾಯಿತು. ಆ ತಿಂಗಳ ಬಾಡಿಗೆಯಲ್ಲಿ ಒಂದಿಷ್ಟು ಮುರಿದುಕೊಳ್ಳಿ ಎಂದ ಮೇಲೆ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು. ಮುದುಕರು ವಾಲ್ವು ಬಿಚ್ಚಿದರು. ರಬ್ಬರಿನ ಅಂಚಿನಲ್ಲಿ ಸಿಕ್ಕಿಕೊಂಡಿದ್ದದ್ದು ಸಾಸಿವೆ ಕಾಳಿಗಿಂತ ಚಿಕ್ಕ ತುಕ್ಕಿನ ಚೂರು. ನನ್ನ ಅಂಗೈ ಮೇಲೆ ಇಟ್ಟರು. ರಬ್ಬರು ಬದಲಿಸಿ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದರು. ಮುಳ್ಳು ಏಳರ ಹತ್ತಿರ ನಿಂತಿತು. ವರದಿಯಲ್ಲಿ ಮೊದಲು ಫೇಲ್ ಎಂದೂ ಅದರ ಕೆಳಗೆ ರಿಪೇರಿ, ಪಾಸ್ ಎಂದೂ ಬರೆದು ಸಹಿ ಹಾಕಿದರು.

ಅವರೀಗ ನಿವೃತ್ತರಾಗಿದ್ದಾರೆ, ಮಗಳು ಬರುತ್ತಾಳೆ. ಮೊನ್ನೆಯೂ ಬಂದಿದ್ದಳು. ಪೆಟ್ಟಿಗೆ ಇಡುವ ಮೊದಲೇ ಬಗ್ಗಿ ಆ ಕೆಳಬಾಯಿಯ ಅಡಿಯಲ್ಲಿ ಏನಿದೆ ಎಂದು ಟಾರ್ಚು ಬಿಟ್ಟು ನೋಡಿದಳು. ಅಪ್ಪ ಹೇಳಿಕೊಟ್ಟಿರಬೇಕು, ಈ ಕಟ್ಟಡದಲ್ಲಿ ಅದನ್ನು ಮೊದಲು ನೋಡು ಅಂತ.