ಗಾಳಿಯ ಮೋಟಾರು

ಸಕ್ಕರೆ ಸಿಡಿಯಬಲ್ಲುದೆಂದು ಮೊದಲು ಕೇಳಿದಾಗ ನಾನು ನಕ್ಕುಬಿಟ್ಟೆನು. ಪಾಯಸಕ್ಕೆ ಹಾಕುವ ಪದಾರ್ಥವು ಮದ್ದಿನಂತೆ ಸಿಡಿಯುವುದೆಂದರೆ ಯಾರು ನಂಬುವರು? ಆದರೆ ಸಕ್ಕರೆಯಾಗಲಿ ಹಿಟ್ಟಾಗಲಿ ನುಣ್ಣನೆಯ ಹುಡಿಯಾಗಿ ಗಾಳಿಯಲ್ಲಿ ದಟ್ಟವಾಗಿ ತೇಲುತ್ತಿದ್ದರೆ ಒಂದು ಕಿಡಿಯೇ ಸಾಕು. 2008ನೆಯ ಇಸವಿ ಫೆಬ್ರವರಿ 7ರ ರಾತ್ರಿ ಅಮೆರಿಕದ ಜಾರ್ಜಿಯಾ ಪ್ರಾಂತದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಸಕ್ಕರೆಯ ಕಾರ್ಖಾನೆಯೊಂದು ಹೀಗೆ ಸಿಡಿದು 14 ಮಂದಿ ಮಡಿದರು.

ಆ ವರ್ತಮಾನವನ್ನು ಓದಿದ ಮೇಲೆ, ನಾನು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹಿಟ್ಟಿನ ಗಿರಣಿಯ ಯಜಮಾನರಿಗೆ ನಿದ್ರೆ ಹತ್ತಲಿಲ್ಲ. ಹಿಟ್ಟನ್ನು ಸಾಗಿಸುವ ಬೆಲ್ಟುಗಳಿಗೆ ವಿದ್ಯುತ್ತಿನ ಮೋಟಾರುಗಳು ಬೇಡ, ಅದುಮಿದ ಗಾಳಿಯಿಂದ ತಿರುಗುವ ಮೋಟಾರುಗಳನ್ನೇ ಹಾಕಿಸೋಣ ಎಂದರು. ನಾನು ಒಪ್ಪಲಿಲ್ಲ. ಗಾಳಿಯ ಮೋಟಾರಿನಲ್ಲಿ ವಿದ್ಯುತ್ತಿನ ಕಿಡಿಯಿಲ್ಲವೆಂಬುದು ನಿಜ. ಹೊರೆ ಹೆಚ್ಚಾದರೆ ಅದು ಸುಮ್ಮನೆ ನಿಲ್ಲುವುದೇ ಹೊರತು ಸುಟ್ಟುಹೋಗುವುದಿಲ್ಲವೆಂಬುದೂ ನಿಜ. ಆದರೆ ಗಾಳಿಯನ್ನು ಅದುಮುವ ಯಂತ್ರಕ್ಕೆ ವಿದ್ಯುತ್ತೇ ಬೇಕು. ಅದುಮುವಾಗ ಗಾಳಿ ಕಾಯುತ್ತದೆ, ಆ ಕಾವು ವ್ಯರ್ಥವಾಗುತ್ತದೆ. ಕೊಳವೆಗಳ ಕೀಲುಗಳಲ್ಲಿ ಹಗಲಿರುಳೂ ಸೋರಿಕೆ. ನಾವು ಹಣ ತೆತ್ತ ಶಕ್ತಿಯಲ್ಲಿ ಹತ್ತಕ್ಕೆ ಒಂದು ಪಾಲೋ ಒಂದೂವರೆ ಪಾಲೋ ಬೆಲ್ಟಿಗೆ ಮುಟ್ಟಿದರೆ ಹೆಚ್ಚು. ಕಿಡಿ ಹೊರಬೀಳದಂತೆ ಬಿಗಿಯಾಗಿ ಮುಚ್ಚಿದ ವಿದ್ಯುತ್ ಮೋಟಾರುಗಳೂ ದೊರೆಯುತ್ತವೆಯೆಂದು ವಾದಿಸಿದೆನು. ಕಡೆಗೆ ಕಣಜದ ಅಡಿಯ ಒಂದು ಬೆಲ್ಟಿಗೆ ಮಾತ್ರ ಗಾಳಿಯ ಮೋಟಾರು ಬಂದಿತು. ನಡೆಯಿತು, ಚೆನ್ನಾಗಿಯೇ ನಡೆಯಿತು. ನನ್ನ ಬಿಗುಮಾನವೂ ಇಳಿಯಿತು.

ಎರಡು ತಿಂಗಳ ಬಳಿಕ ಒಂದು ಮಧ್ಯಾಹ್ನ ಒಳಗೆ ಹೋದೆನು. ಕೋಣೆಯೆಲ್ಲ ಬೆಳ್ಳನೆಯ ಮಂಜು. ಹುಡುಗನೊಬ್ಬನು ಹೊಸ ಕೊಳವೆಯ ನಲ್ಲಿಗೆ ರಬ್ಬರು ನಳಿಗೆ ಸಿಕ್ಕಿಸಿ, ತೊಲೆಗಳ ಮೇಲೆ ವರ್ಷಗಳಿಂದ ಕುಳಿತ ಹಿಟ್ಟನ್ನೆಲ್ಲ ಊದಿ ಹಾರಿಸುತ್ತಿದ್ದನು. ನಾನು ಓಡಿ ಗಾಳಿಯನ್ನು ನಿಲ್ಲಿಸಿದೆನು. ಬೆಲ್ಟಿನ ಕೊನೆಯ ಉರುಳೆಯ ಬೇರಿಂಗನ್ನು ಮುಟ್ಟಿ ನೋಡಿದರೆ ಕೈಯಿಡಲಾಗದಷ್ಟು ಬಿಸಿ. ಪೋರ್ಟ್ ವೆಂಟ್‌ವರ್ತ್‌ನಲ್ಲಿಯೂ ವಿಚಾರಣೆಗಾರರು ಬಹುಶಃ ಬೆಂಕಿಗೆ ಮೂಲವೆಂದು ತೋರಿಸಿದ್ದು, ಹೊದಿಕೆ ಹಾಕಿದ ಬೆಲ್ಟಿನೊಳಗೆ ಕಾದಿದ್ದ ಬೇರಿಂಗನ್ನೇ. ಮೋಟಾರು ಯಾವುದಾದರೇನು, ಬೇರಿಂಗು ಅದೇ, ಹಿಟ್ಟೂ ಅದೇ.

ಹುಡುಗನನ್ನು ಬೈಯಲು ಬಾಯಿ ತೆರೆದೆನು. "ಗುಡಿಸೋದಕ್ಕೆ ಅಂತಲೇ ಆ ನಲ್ಲಿ ಹಾಕಿಸಿದ್ದೀರಿ ಅಂದ್ಕೊಂಡೆ, ಸ್ವಾಮಿ" ಎಂದನು. ನಲ್ಲಿಯನ್ನು ಅಲ್ಲಿ ಇರಿಸಿದವನು ನಾನೇ; ಮುಂದೆಂದಾದರೂ ಬೇಕಾದೀತೆಂದು.

ಅಂದು ಸಂಜೆಯೇ ಅದನ್ನು ಕೀಳಿಸಿದೆನು. ಹುಡಿಯನ್ನು ಹೀರಿಕೊಳ್ಳುವ ಯಂತ್ರ ಬರುವವರೆಗೆ ಆ ಹುಡುಗನೂ ನಾನೂ ಒದ್ದೆಬಟ್ಟೆ ಹಿಡಿದು ಏಣಿಯೇರಿ ತೊಲೆಗಳನ್ನು ಒರೆಸಿದೆವು.