ಕೃಷ್ಣಮೃಗಗಳ ನೆರೆಯಲ್ಲಿ

ನಿವೃತ್ತಿಯ ಬಳಿಕ ನಾವು ರಾಣೆಬೆನ್ನೂರಿನ ಸಮೀಪ ಹೊಲದಲ್ಲಿಯೇ ಮನೆ ಕಟ್ಟಿಸಿ ನೆಲೆಸಿದೆವು. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯವು ಇಲ್ಲಿಂದ ಅನತಿ ದೂರದಲ್ಲಿದೆ. ಮುಂಜಾನೆ ಕೊಟ್ಟಿಗೆಯಲ್ಲಿ ಎಮ್ಮೆಯ ಹಾಲು ಕರೆಯುತ್ತಿರುವಾಗಲೇ ಬೇಲಿಯಾಚೆ ನವಿಲು ಕೂಗುತ್ತದೆ. ಸುರುಳಿ ಕೊಂಬಿನ ಕರಿಯ ಗಂಡುಮೃಗವು ಕಂದುಬಣ್ಣದ ಹೆಣ್ಣುಗಳೊಡನೆ ನೆಗೆಯುತ್ತ ಸಾಗುತ್ತದೆ. ನಮ್ಮ ಕರುವೂ ಕಿವಿ ನಿಮಿರಿಸಿ ನೋಡುತ್ತದೆ.

ಮೊದಮೊದಲು ನಮಗಿದು ಬರಿಯ ಕಣ್ಣಹಬ್ಬವಾಗಿತ್ತು. ಒಂದು ದಿನ ನೆರೆಹೊಲದ ರೈತರು, ಮೃಗಗಳು ಮೇಯ್ದುಹೋದ ಮೆಕ್ಕೆಜೋಳದ ಎಳೆಯ ಪೈರನ್ನು ತೋರಿಸಿದರು. ಆದರೂ ಅವರು ಕಲ್ಲೆಸೆದವರಲ್ಲ. ಇರುಳೆಲ್ಲ ಎಚ್ಚರವಿದ್ದು ಕೂಗಿ ಅಟ್ಟುತ್ತಾರೆ, ಅಷ್ಟೆ. ನಮ್ಮ ಆನಂದದ ಬೆಲೆ ತೆರುತ್ತಿರುವವರು ಅವರೆಂದು ಅಂದು ಮನವರಿಕೆಯಾಯಿತು. ಈಗ ವಾರಕ್ಕೆರಡು ರಾತ್ರಿ ಆ ಹೊಲದ ಕಾವಲು ನಮ್ಮದು. ನೋಡಿ ನಲಿಯುವವರು ಕಾಯುವ ಹೊಣೆಯನ್ನೂ ಹೊರಬೇಕಲ್ಲವೆ?